ಹದಿನಾಲ್ಕು

ಅರ್ಧ ಲೋಟ ಹುಳು. ಅಂದರೆ ಮುನ್ನೂರು, ಹೆಚ್ಚುಕಮ್ಮಿ.
ಆಲೂರು ಸಂತೆಯ ಉಪ್ಪಿನಕಾಯಿ ಬಾಟಲಿಗೆ ಸುರಿದು
ಎರಡು ಚಮಚ ಸಕ್ಕರೆಪುಡಿ ಉದುರಿಸಿ
ಉರುಳಿಸುತ್ತಾಳೆ ಸಬೀನಾ,
ಹಟದ ಮಗುವನ್ನು ತೂಗಿದಂತೆ.

ಬಾಯಿಗೆ ಜಾಲರಿ. ಕೆಳಗೆ ಬಿಳಿ ತಟ್ಟೆ.
ಕೊಡವಿದರೆ ಬೀಳುತ್ತವೆ ನುಸಿ,
ಸಾಸಿವೆ ಸಿಪ್ಪೆಯಷ್ಟು.
ಕಾಲು ಮೂಡಿದ ಸಿಪ್ಪೆ.

"ಹುಳಕ್ಕೆ ಇದೆಷ್ಟು ಭಾರ ಗೊತ್ತಾ?
ನಿನ್ನ ಬೆನ್ನಿಗೆ ರೊಟ್ಟಿ ಕಾವಲಿ ಕಟ್ಟಿದ ಹಾಗೆ."
ನನ್ನ ಎಣಿಕೆ ತಪ್ಪುತ್ತದೆ. ಮತ್ತೆ ಒಂದರಿಂದ.

ಗಂಡುಹುಳದ ಕೋಣೆಯಲ್ಲೇ ಅದರ ಬಸಿರು, ಬಾಣಂತನ.
ಮುಚ್ಚಳ ಬಿದ್ದ ಆ ಎರಿ ಕೊಯ್ದು
ಕೋಳಿಗೆ ಎಸೆಯುತ್ತಾಳೆ,
ಮುಖ ತಿರುಗಿಸಿ.

ಇತ್ತ ಬಾಟಲಿಯ ಮುನ್ನೂರೂ
ಹಿಟ್ಟಿನ ಗಿರಣಿಯಿಂದ ಬಂದವರಂತೆ ಬೆಳ್ಳಗೆ
ಪೆಟ್ಟಿಗೆಯ ಹೊಸ್ತಿಲಲ್ಲಿ.
ಗುರುತು ಸಿಗದೆ ಒಂದು ಗಳಿಗೆ ತಡೆದು
ಒಳಗಿನವು
ನೆಕ್ಕತೊಡಗುತ್ತವೆ.