ತಿದಿಯೊಳಗಿನ ಕಾಗದ

ಮೆಟ್ಟಿಲ ಕೆಳಗೆ, ನಿಂತರೆ ತಲೆ ತಾಗುವ ಅಂಗಡಿ.
ಇನಾಸಣ್ಣ ರೀಡು ಉಜ್ಜುತ್ತ ಹೇಳುತ್ತಿದ್ದ,
ನಾನು ನಲವತ್ತು ಇನ್‌ಲ್ಯಾಂಡು ಬರೆಯುತ್ತಿದ್ದೆ:
'ಮಳೆಗಾಲ ಬಂತು. ಹಾರ್ಮೋನಿಯಂ ನೆಲಕ್ಕಿಡಬೇಡಿ,
ಇಲಿಗೆ ತಿದಿಯೆಂದರೆ ಬಾಡೂಟ.
ಬಾಕಿ ಹನ್ನೆರಡು ರೂಪಾಯಿ, ಅವಸರವಿಲ್ಲ.'

ಈಗ ನೆಹರೂ ರಸ್ತೆಯಲ್ಲಿ ಮೂರು ಮಹಡಿ.
ಕೀಬೋರ್ಡು, ಮಿಕ್ಸರು, ಆಳೆತ್ತರದ ಸ್ಪೀಕರು.
ಕಾಗದವೂ ಬಣ್ಣ ಬಳಿದುಕೊಂಡು, ಎಂಟು ಪುಟವಾಗಿ
ಆರು ಸಾವಿರ ಮನೆಗೆ ಹೋಗುತ್ತದೆ.
ಮುಖಪುಟದಲ್ಲಿ ಅಣ್ಣನ ಮಗಳು ಫ್ಲೇವಿಯಾ
ಗಿಟಾರು ಹಿಡಿದು ನಗುತ್ತಾಳೆ;
ನುಡಿಸಲು ಬಾರದು.
ಯಾರು ಓದುತ್ತಾರೋ.

ನಿನ್ನೆ ಹೊಸನಗರದಿಂದ ಬಸ್ಸಿನ ಟಾಪಿನಲ್ಲಿ ಬಂದ
ಹಳೆಯ ಪೆಟ್ಟಿಗೆ ಬಿಚ್ಚಿದೆ.
ತಿದಿಯ ಹರುಕಿಗೆ ಮೈದಾ ಅಂಟಿನ ತೇಪೆ,
ನೀಲಿ ಕಾಗದ, ನನ್ನದೇ ಅಕ್ಷರ:
'...ಅವಸರವಿಲ್ಲ.'

ಒತ್ತಿ ನೋಡಿದೆ.
ಗಾಳಿ ಸೋರಲಿಲ್ಲ.