ನಡಾವಳಿಯಲ್ಲಿ ಇಲ್ಲದ್ದು

ಕೆಮ್ಮನ್ನು ಬರೆಯಬಾರದು. ನಾನು ಕಲಿತ ಮೊದಲ ಪಾಠ.
ಪೊಟೊಸಿಯ ಈ ಎತ್ತರದಲ್ಲಿ ಎಲ್ಲರೂ ಕೆಮ್ಮುತ್ತಾರೆ,
ಬರೆಯುತ್ತ ಹೋದರೆ ಪುಸ್ತಕವೆಲ್ಲ ಕೆಮ್ಮೇ.
ಬೇಕಾದ್ದು ಇಷ್ಟು: ಯಾರು ಸೂಚಿಸಿದರು, ಯಾರು ಅನುಮೋದಿಸಿದರು,
ಎದ್ದ ಕೈಗಳೆಷ್ಟು.
ಯಾವ ಕೈ ನಡುಗಿತು ಎಂಬುದು ಬೇಡ.

ಹತ್ತೊಂಬತ್ತು ವರ್ಷದಿಂದ ಈ ಮೇಜಿನ ಮೂಲೆ ನನ್ನದು.
ಹನ್ನೊಂದು ಕುರ್ಚಿ ಮೇಷ್ಟರಿಗೆ, ಹನ್ನೊಂದು ವಿದ್ಯಾರ್ಥಿಗಳಿಗೆ.
ಸಮಸಮ. ಇಲ್ಲಿಯ ಹಳೆಯ ಹಟ ಅದು,
ಅಜ್ಜಂದಿರು ಲಾಠಿಯೇಟು ತಿಂದು ಗಳಿಸಿದ್ದು.
ನಡುವೆ ಕುಲಪತಿ ನಿಲ್ದಾ ಚೋಕೆವಿಲ್ಕಾ,
ಶಾಲು ಹೊದ್ದು, ಬಲಗಾಲನ್ನು ಹೀಟರಿನತ್ತ ಚಾಚಿ.
ಹೀಟರು ಎರಡಿವೆ, ಉರಿಯುವುದು ಒಂದೇ.
ಇದೂ ನಡಾವಳಿಯಲ್ಲಿಲ್ಲ.

ಅವತ್ತು ಊಟದ ಮನೆಯ ಗೋಡೆಗೆ ಯಾವ ಬಣ್ಣವೆಂದು
ಒಂದೂವರೆ ತಾಸು. ಹಸಿರು.
ತಿದ್ದುಪಡಿ: ತಿಳಿಹಸಿರು.
ಹೊರಗೆ ಬೆಂಚಿನ ಮೇಲೆ ಐವರು ಹೆಂಗಸರು
ಐದನೆಯ ವಿಷಯಕ್ಕೆ ಕಾಯುತ್ತಿದ್ದರು,
ಗಣಿ ಉಗುಳಿದ ಕಲ್ಲನ್ನು ಸುತ್ತಿಗೆಯಿಂದ ಒಡೆದು
ತವರದ ಚೂರು ಹೆಕ್ಕುವವರು.
ಒಬ್ಬೊಬ್ಬರ ದವಡೆಯಲ್ಲೂ ಕೋಕಾ ಎಲೆಯ ಉಂಡೆ.

ಬಾಸಿಲಿಯಾ ಒಳಬಂದರು. ಕುರ್ಚಿ ಇರಲಿಲ್ಲ.
ಬಾಗಿಲು ಕಾಯುವ ಫೆರ್ಮಿನ್ ತನ್ನದನ್ನೇ ತಂದಿಟ್ಟ,
ಮುರಿದ ಬೆನ್ನಿಗೆ ತಂತಿ ಸುತ್ತಿದ್ದು.
ಆಕೆ ಕೂರಲಿಲ್ಲ. ಸೋಡಾ ಬಾಟಲಿಯೊಂದನ್ನು ಮೇಜಿನ ಮೇಲಿಟ್ಟರು,
ಒಳಗೆ ಮೇಲಿನ ಕೇರಿಯ ನೀರು, ಹಳಸಿದ ಚಹದ ಬಣ್ಣ.

“ಹೋದ ವರ್ಷ ಪರೀಕ್ಷೆ ಮಾಡಿದ್ರಿ, ಕಾಗದ ಕೊಟ್ರಿ.
ಕಾಗದ ಕುಡಿಯೋಕಾಗಲ್ಲ.
ಯಾವ ತೊಟ್ಟಿ ಬಿಡಬೇಕು, ಯಾವುದು ಕುಡೀಬೇಕು,
ನಾವೇ ನೋಡಿ ತಿಳಿಯೋದನ್ನ ಕಲಿಸಿ.”

ರಸಾಯನಶಾಸ್ತ್ರದ ಒವಿಡಿಯೊ ಗಂಟಲು ಸರಿಮಾಡಿಕೊಂಡರು:
ಪ್ರಯೋಗಾಲಯವೇನು ಧರ್ಮಛತ್ರವೇ?
ನಮ್ಮ ಪ್ರಬಂಧಗಳೇ ಸರದಿಯಲ್ಲಿವೆ ಎಂದಳು ಒಬ್ಬ ಹುಡುಗಿ.
ಕೈಗಳೆದ್ದವು. ಹನ್ನೊಂದು. ಹನ್ನೊಂದು.
ಮೇಷ್ಟರು ಒಂದು ಕಡೆ, ಹುಡುಗರು ಒಂದು ಕಡೆ ಅಂದುಕೊಳ್ಳಬೇಡಿ,
ಎಲ್ಲ ಕಲಸಿಹೋಗಿತ್ತು.

ಕುಲಪತಿ ಬಾಟಲಿಯನ್ನೇ ನೋಡುತ್ತ ಅಂದರು:
“ಶನಿವಾರ ಬೀಗದ ಕೈ ನನಗೆ ಕೊಡಿ.
ಒಂದು ಬಾಗಿಲು ತೆರೆಯೋದಕ್ಕೂ ಗೊತ್ತುವಳಿ ಬೇಕೆ?”
ಚಪ್ಪಾಳೆ. ನಾನೂ ಪೆನ್ನು ಕೆಳಗಿಟ್ಟೆ.

ಆಗ ಎದ್ದವನು ವಿಲ್ಬೆರ್ ಕೋಲ್ಕೆ,
ಬಾಸಿಲಿಯಾರ ಪರ ಕೈಯೆತ್ತಿದ್ದ ಹುಡುಗ.
“ಬೇಕು, ಮೇಡಂ.
ನೀವು ಹೀಗೆ ತೆರೆದದ್ದನ್ನ
ನಾಳೆ ಬರೋರು ಹೀಗೇ ಮುಚ್ಚುತ್ತಾರೆ.”

ಇಂಥ ಮೌನಕ್ಕೆ ನಡಾವಳಿಯಲ್ಲಿ ಪದವಿಲ್ಲ.
ನಿಲ್ದಾ ಕನ್ನಡಕ ತೆಗೆದರು, ಶಾಲಿನ ಅಂಚಿಗೆ ಒರೆಸಿದರು,
ಮತ್ತೆ ಹಾಕಿಕೊಳ್ಳಲಿಲ್ಲ.
ನಿರ್ಣಾಯಕ ಮತ ಅವರದೇ ಇತ್ತು, ಅದನ್ನೂ ಮುಟ್ಟಲಿಲ್ಲ.
“ಸರಿ. ಮತ್ತೆ ಮೊದಲಿಂದ ಮಾತಾಡೋಣ.”

ಗ್ಯಾಸು ಮುಗಿದು ಉರಿಯುತ್ತಿದ್ದ ಹೀಟರೂ ಆರಿತು.
ಯಾರೂ ಏಳಲಿಲ್ಲ.
ಬಾಟಲಿ ಕೈಯಿಂದ ಕೈಗೆ ಹೋಯಿತು.
ಒವಿಡಿಯೊ ಅದನ್ನು ದೀಪಕ್ಕೆ ಹಿಡಿದು ಕೇಳಿದರು,
ಅಧ್ಯಕ್ಷರ ಅನುಮತಿ ಕೇಳುವುದನ್ನೂ ಮರೆತು:
“ಇದು ಮೇಲಿನ ತೊಟ್ಟಿದೋ, ಕೆಳಗಿನದೋ?”
ಆಮೇಲೆ ಕಾರ್ಯಸೂಚಿಯ ಬೆನ್ನಿನ ಮೇಲೆ
ಸಣ್ಣ ಅಕ್ಷರದಲ್ಲಿ ಲೆಕ್ಕ ಹಾಕತೊಡಗಿದರು.

ಪರ ಹದಿಮೂರು, ವಿರುದ್ಧ ಒಂಬತ್ತು.
ಬದಲಾದ ಆ ಎರಡು ಕೈ ಯಾರವೆಂದು ನನಗೆ ಗೊತ್ತು.
ಬರೆದಿಲ್ಲ.

ಈಗ ಶನಿವಾರ ಮೆಟ್ಟಿಲ ಮೇಲೆ ಬಾಟಲಿಗಳ ಸಾಲು,
ಕೊರಳಿಗೆ ಕಟ್ಟಿದ ದಾರದ ಬಣ್ಣವೇ ತೊಟ್ಟಿಯ ಹೆಸರು.
ಅವರಿಂದ ಅದನ್ನು ನಮ್ಮ ಹುಡುಗರು ಕಲಿತರು.
ಮೂರನೆಯ ವಾರ ಮಧ್ಯಾಹ್ನಕ್ಕೇ ರಾಸಾಯನಿಕ ಖಾಲಿ,
ಅರ್ಧ ಸಾಲು ಹಾಗೇ ಗುಡ್ಡ ಹತ್ತಿ ಹೋಯಿತು.

ಮುಂದಿನ ಸಭೆ, ವಿಷಯ ಒಂಬತ್ತು: ರಾಸಾಯನಿಕದ ಖರ್ಚು.
ವಿಷಯ ಒಂದು: ಊಟದ ಮನೆಯ ಬಾಗಿಲಿಗೆ ಬಣ್ಣ.
ನಿನ್ನೆ ರಾತ್ರಿ ಬೆರಳಚ್ಚು ಮಾಡುವಾಗ
ಒಂಬತ್ತನ್ನು ಒಂದಕ್ಕೆ ತಂದೆ.

ಇದಕ್ಕೆ ಯಾರೂ ಕೈಯೆತ್ತಿರಲಿಲ್ಲ.
ವಿಲ್ಬೆರ್ ಕೇಳಿದರೆ ಏನು ಹೇಳಲಿ?