ಕಾಗದದ ವಯಸ್ಸು

ಫಾಲ್ ರಿವರ್, ಮ್ಯಾಸಚೂಸೆಟ್ಸ್, ೧೯೬೦

ಕೂರಲು ಹೇಳಿದ, ಕೂತೆ.
ಪಿಂಚಣಿ ಕಚೇರಿಯ ಹುಡುಗ, ಗದ್ದದಲ್ಲಿ ಬೆಳಗಿನ ಕ್ಷೌರದ ಗಾಯ.
ಹೆಸರು?
ದಿಯೊಲಿಂಡಾ ಬೆಟೆನ್‌ಕೋರ್ಟ್.
ಹುಟ್ಟಿದ ವರ್ಷ?
ಎಳೆ ಕಡಿದ ಮಗ್ಗದ ಹಾಗೆ
ನಾಲಗೆ ಅಲ್ಲೇ ನಿಂತಿತು.

ನನಗೆ ಎರಡು ವರ್ಷಗಳಿವೆ ಮಗು,
ಒಂದು ಅವ್ವ ಹೆತ್ತದ್ದು,
ಇನ್ನೊಂದು ಅವ್ವ ಆಣೆಯಿಟ್ಟು ಬರೆಸಿದ್ದು.

ಕೊಲಂಬಿಯಾ ಬೀದಿಯಲ್ಲಿ ಆಗ
ಶವಪೆಟ್ಟಿಗೆ ಮಾರುವವನೇ ನೋಟರಿಯೂ ಹೌದು,
ಕಾಲು ಡಾಲರಿಗೊಂದು ಮುದ್ರೆ.
ಅಣ್ಣನ ಬೂಟಿನೊಳಗೆ ಅರಳೆ ತುರುಕಿ ನಾನು ನಿಂತಿದ್ದೆ,
ಎತ್ತರ ಕಾಣಲೆಂದು ತಲೆಯ ಮೇಲೆ ಜಡೆಯ ಸುರುಳಿ.
ಅವ್ವ ಬೈಬಲ್ಲಿನ ಮೇಲೆ ಕೈಯಿಟ್ಟಳು.
ಶಾಯಿ ಆರುವಷ್ಟರಲ್ಲಿ
ಹನ್ನೊಂದು ಹದಿನಾಲ್ಕಾಯಿತು.
ಶನಿವಾರ ಪಾದ್ರಿಯ ಕಿವಿಗೆ ಈ ಪಾಪ ಹಾಕಿದರೆ
ಅವರು ಕೇಳಿದ್ದು ಒಂದೇ ಮಾತಂತೆ:
ವಾರಕ್ಕೆಷ್ಟು ಕೊಡುತ್ತಾರೆ?

ಆಮೇಲೆ ಗಿರಣಿ.
ಐದು ಅಂತಸ್ತಿನ ಕಲ್ಲು, ಕಿಟಕಿಗಳಿಗೆ ಮೊಳೆ;
ಗಾಳಿ ಬಂದರೆ ನೂಲು ಒಣಗಿ ಹರಿಯುತ್ತದಂತೆ.
ನಾನು ನೇಯುವವರ ಕೈಯಾಳು.
ಲಾಳಿಯ ಕಣ್ಣಿಗೆ ತುಟಿಯಿಟ್ಟು
ಉಸಿರೆಳೆದು ನೂಲು ಪೋಣಿಸಬೇಕು,
ದಿನಕ್ಕೆ ಮುನ್ನೂರು ಸಲ,
ಯಾರ್ಯಾರೋ ಮುತ್ತಿಟ್ಟು ಮುಗಿಸಿದ ಲಾಳಿಗೆ.
ಕೆಮ್ಮುವ ಇಸೌರಾಳ ಎಂಜಲೂ ಅದರಲ್ಲಿತ್ತು.
ಇಸೌರಾ ಆ ಚಳಿಗಾಲ ದಾಟಲಿಲ್ಲ.
ಅವಳ ಕಾಗದದಲ್ಲಿ ಹದಿನಾರು.
ಗೋರಿಯ ಮೇಲೂ ಅದನ್ನೇ ಕೆತ್ತಿಸಿದರು.
ನಿಜ ಕೆತ್ತಿಸಿದ್ದರೆ
ಅಪ್ಪ ಜೈಲಿಗೆ ಹೋಗುತ್ತಿದ್ದ.

ಬಾಸ್ಟನ್ನಿನಿಂದ ಒಬ್ಬ ಹೆಂಗಸು ಬರುತ್ತಿದ್ದಳು,
ಬೂದು ಟೋಪಿ, ಪುಟ್ಟ ಪುಸ್ತಕ, ದಾರ ಕಟ್ಟಿದ ಪೆನ್ಸಿಲು.
ಅವಳಿಗಿಂತ ಮುಂಚೆ ಅವಳ ಸುದ್ದಿ ಬರುತ್ತಿತ್ತು;
ಚಿಕ್ಕವರನ್ನು ಕದಿರಿನ ಪೆಟ್ಟಿಗೆಗಳಲ್ಲಿ ಕೂರಿಸಿ
ಮೇಲೆ ಬಟ್ಟೆ ಹೊದಿಸುತ್ತಿದ್ದರು.
ನನ್ನನ್ನು ಯಾರೂ ಬಚ್ಚಿಡಲಿಲ್ಲ.
ನನ್ನ ಹತ್ತಿರ ಕಾಗದವಿತ್ತಲ್ಲ!
ಅವಳು ಬಗ್ಗಿ ನನ್ನ ಹಲ್ಲು ನೋಡಿದಳು,
ಕುದುರೆ ವ್ಯಾಪಾರಿಯ ಹಾಗೆ. ಬೆರಳು ಮಾತ್ರ ಮೆತ್ತಗೆ.
"ಹದಿನಾಲ್ಕಕ್ಕೆ ತೀರ ಚಿಕ್ಕವಳು."
ಮಗ್ಗಗಳ ಗದ್ದಲದಾಚೆಯಿಂದ ಅವ್ವ,
ಬರುತ್ತಿದ್ದ ನಾಲ್ಕೇ ಇಂಗ್ಲಿಷಿನಲ್ಲಿ ಕೂಗಿದಳು:
"ದ್ವೀಪದವರು ನಾವು. ಗಿಡ್ಡ ತಳಿ."

ಅಂಥವರು ಹೋರಾಡಿ ಹೋರಾಡಿ
ಲಾಳಿಗೆ ಮುತ್ತಿಡುವುದು ನಿಂತಿತು.
ತಮ್ಮನನ್ನು ಗಿರಣಿಯಿಂದೆಳೆದು ಶಾಲೆಗೆ ಅಟ್ಟಿದರು.
ವಾರಕ್ಕೆ ಮೂರು ಡಾಲರು ಖೋತಾ!
ಅವ್ವ ಬೂದು ಟೋಪಿಗೆ ನೆಟಿಗೆ ಮುರಿದು ಶಾಪ ಹಾಕಿದಳು.
ತಮ್ಮ ಓದಿ ಔಷಧದಂಗಡಿ ಇಟ್ಟ,
ಅವ್ವನ ಕೊನೆಯ ಮದ್ದೂ ಅಲ್ಲಿಂದಲೇ ಬಂತು;
ಶಾಪವನ್ನು ಮಾತ್ರ
ಅವಳು ಹಿಂತೆಗೆದುಕೊಳ್ಳಲಿಲ್ಲ.

ಹುಡುಗ ಪೆನ್ನು ತಟ್ಟುತ್ತಿದ್ದಾನೆ.

ನಿಜ ಹೇಳಿದರೆ ಅರವತ್ತೆರಡು.
ಪೂರಾ ಪಿಂಚಣಿಗೆ ಇನ್ನೂ ಮೂರು ವರ್ಷ
ಗಂಡಸರ ಅಂಗಿಗೆ ಕಾಲರು ಹೊಲಿಯಬೇಕು.
ಕಾಗದದ ಲೆಕ್ಕದಲ್ಲಿ ಅರವತ್ತೈದು.
ಕದ್ದ ವರ್ಷಗಳನ್ನು
ಕದ್ದೇ ವಾಪಸು ತರಬೇಕೆ?
ಕೇಳೋಣವೆಂದರೆ ಅವ್ವ ಇಲ್ಲ.
ಇರಲಿ, ಶನಿವಾರ ಪಾದ್ರಿ ಇದ್ದಾರೆ.

"ಸಾವಿರದೆಂಟುನೂರ ತೊಂಬತ್ತೈದು" ಎಂದೆ.
ಮಡಿಕೆಯಲ್ಲಿ ಹರಿದ ಕಾಗದ ಬಿಚ್ಚಿದೆ,
ಮುದ್ರೆ ಇನ್ನೂ ಗಟ್ಟಿಯಾಗಿತ್ತು.
ಒಮ್ಮೆ ಅದನ್ನು, ಒಮ್ಮೆ ನನ್ನನ್ನು ನೋಡಿ
ಹುಡುಗ ನಕ್ಕ:
"ವಯಸ್ಸಿಗಿಂತ ಚಿಕ್ಕವರಾಗಿ ಕಾಣ್ತೀರಿ."

ಐವತ್ತೊಂದು ವರ್ಷದ ಹಿಂದಿನ ಗದ್ದಲ ದಾಟಿ
ದನಿಯೊಂದು ನನ್ನ ಗಂಟಲಿಗೆ ಬಂದು ಕೂತಿತು.
"ದ್ವೀಪದವರಪ್ಪ ನಾವು," ಅಂದೆ,
"ಗಿಡ್ಡ ತಳಿ."

ಸಹಿಯಾಯಿತು. ಲಕೋಟೆ ಮುಂದೆ ತಳ್ಳಿ
ನಾಲಗೆಯಿಂದ ಸವರಿ ಅಂಟಿಸುವಂತೆ ಸನ್ನೆ ಮಾಡಿದ.
ನಾನು ತುಟಿಗೆ ತಾಗಿಸಲಿಲ್ಲ.
ಒಂದು ಲೋಟ ನೀರು ಕೇಳಿ
ಬೆರಳು ಅದ್ದಿದೆ.